ತ್ರಿಫಲಾ ಪುಡಿ: ಕಾಯಿ ಆರಿಸಿ, ಕುಟ್ಟಿ, ಮನೆಯಲ್ಲೇ ಮಾಡುವ ಬಗೆ

ತ್ರಿಫಲಾ ಚೂರ್ಣದ ಡಬ್ಬಿ ಈಗ ಎಲ್ಲ ಕಡೆ ಸಿಗುತ್ತದೆ. ಆದರೂ ನಮ್ಮ ಮನೆಯಲ್ಲಿ ಕಾಯಿ ತಂದು ಕುಟ್ಟಿಯೇ ಮಾಡುತ್ತೇವೆ. ಪುಡಿಯಾದ ಮೇಲೆ ಅದರಲ್ಲಿ ಬೀಜ ಎಷ್ಟು ಸೇರಿದೆ, ಹುಳ ಹಿಡಿದ ಕಾಯಿ ಎಷ್ಟಿತ್ತು ಅಂತ ಯಾರಿಗೂ ಕಾಣುವುದಿಲ್ಲ. ಕಾಯಿ ಕೈಯಲ್ಲಿದ್ದರೆ ಎಲ್ಲಾ ಗೊತ್ತಾಗುತ್ತದೆ.

ಬೇಕಾದದ್ದು ಮೂರೇ ಕಾಯಿ. ಅಳಲೆಕಾಯಿ, ತಾರೆಕಾಯಿ, ಬೆಟ್ಟದ ನೆಲ್ಲಿಕಾಯಿ. ತಾರೆಕಾಯಿಗೆ ಮಲೆನಾಡಿನ ಕೆಲವು ಕಡೆ ಶಾಂತಿಕಾಯಿ ಅಂತಾರೆ. ಮೂರೂ ನಮ್ಮ ಕಾಡಿನವೇ. ಒಣಗಿದ ಕಾಯಿ ಗ್ರಂದಿಗೆ ಅಂಗಡಿಯಲ್ಲಿ ವರ್ಷವಿಡೀ ಸಿಗುತ್ತದೆ. ‘ತ್ರಿಫಲಾ ಕೊಡಿ’ ಅಂತ ಕೇಳಬೇಡಿ, ಪುಡಿಯನ್ನೇ ಕಟ್ಟಿಕೊಡುತ್ತಾರೆ. ಮೂರು ಕಾಯಿಯನ್ನೂ ಬೇರೆ ಬೇರೆಯಾಗಿ ಹೆಸರು ಹೇಳಿ ಕೇಳಿ.

ಅಳಲೆಕಾಯಿ ಆರಿಸುವಾಗ ಸ್ವಲ್ಪ ನಿಧಾನ ಮಾಡಿ. ಹಳದಿ ಕಲೆಸಿದ ಕಂದು ಬಣ್ಣ, ಉದ್ದುದ್ದ ಏಣು, ಕೈಗೆ ಭಾರ ಅನ್ನಿಸಬೇಕು. ಸೂಜಿ ಚುಚ್ಚಿದಷ್ಟು ತೂತಿದ್ದರೂ ಆಚೆ ಇಡಿ, ಒಳಗೆ ಹುಳ ಇರುತ್ತದೆ. ನಮ್ಮತ್ತೆ ಒಂದೆರಡು ಕಾಯಿಯನ್ನು ನೀರಿಗೆ ಹಾಕಿ ನೋಡುತ್ತಿದ್ದರು. ಒಳ್ಳೆ ಕಾಯಿ ಮುಳುಗಬೇಕು, ತೇಲಿದರೆ ಒಳಗೆ ಟೊಳ್ಳು. ಆಯುರ್ವೇದದ ಹಳೆಯ ಪುಸ್ತಕಗಳಲ್ಲೂ ಇದೇ ಪರೀಕ್ಷೆ ಇದೆ. ತಾರೆಕಾಯಿ ದುಂಡಗೆ, ಬೂದು ಮಿಶ್ರಿತ ಕಂದು ಬಣ್ಣಕ್ಕಿರುತ್ತದೆ. ನೆಲ್ಲಿ ಮಾತ್ರ ಬೀಜ ತೆಗೆದು ಒಣಗಿಸಿದ ಹೋಳಾಗಿಯೇ ಸಿಗುತ್ತದೆ, ಬೂಷ್ಟಿನ ವಾಸನೆ ಇಲ್ಲದಿದ್ದರೆ ಸಾಕು.

ಕಾಯಿಗಳನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಎರಡು ದಿನ ಬಿಸಿಲಿಗೆ ಹಾಕಿ. ಆಮೇಲೆ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಒಂದೊಂದಾಗಿ ಒಡೆಯಿರಿ. ಅಳಲೆಕಾಯಿ ಸುಲಭಕ್ಕೆ ಜಗ್ಗುವುದಿಲ್ಲ. ಏಣಿನ ಮೇಲೆ ಹೊಡೆದರೆ ಸಿಪ್ಪೆ ಉದ್ದಕ್ಕೆ ಸೀಳಿ, ಬೀಜ ಬಿಟ್ಟುಕೊಳ್ಳುತ್ತದೆ. ನಮಗೆ ಬೇಕಾದದ್ದು ಹೊರಗಿನ ಸಿಪ್ಪೆ ಮಾತ್ರ. ಬೀಜ ಅಷ್ಟೂ ಎಸೆಯಿರಿ. ತಾರೆಕಾಯಿ ಬೀಜದೊಳಗಿನ ತಿರುಳನ್ನು ಮಕ್ಕಳು ಬಾದಾಮಿ ಅಂದುಕೊಂಡು ತಿನ್ನುವುದುಂಟು. ಜಾಸ್ತಿ ತಿಂದರೆ ತಲೆ ಸುತ್ತಿ ಅಮಲು ಬರುತ್ತದೆ. ಹಾಗಾಗಿ ಅವರ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.

ಬೀಜ ತೆಗೆದ ಮೇಲೆಯೇ ತೂಕ ಮಾಡಬೇಕು. ಇದು ಬಹಳ ಮುಖ್ಯ. ಮೂರನ್ನೂ ನೂರು ನೂರು ಗ್ರಾಂ ತಂದು ಹಾಗೇ ಸೇರಿಸಿದರೆ ಲೆಕ್ಕ ತಪ್ಪುತ್ತದೆ. ನೆಲ್ಲಿಯಲ್ಲಿ ಬೀಜವಿಲ್ಲ, ಉಳಿದೆರಡರಲ್ಲಿ ಬೀಜದ್ದೇ ದೊಡ್ಡ ಪಾಲು. ಸಿಪ್ಪೆ 50 ಗ್ರಾಂ, 50 ಗ್ರಾಂ, 50 ಗ್ರಾಂ ಆದರೆ ಸರಿ. ಒಂದು ಅಳಲೆ, ಎರಡು ತಾರೆ, ನಾಲ್ಕು ನೆಲ್ಲಿ ಅನ್ನುವ ಇನ್ನೊಂದು ಲೆಕ್ಕವೂ ಇದೆ. ಮನೆಬಳಕೆಗೆ ಸಮಪಾಲೇ ಸಾಕು.

ಸಿಪ್ಪೆಯನ್ನು ಮೊದಲು ಕುಟ್ಟಿ ಚೂರು ಮಾಡಿ, ಆಮೇಲೆ ಮಿಕ್ಸಿಗೆ ಹಾಕಿ. ಇಡೀ ಸಿಪ್ಪೆ ಹಾಕಿದರೆ ಬ್ಲೇಡು ಹಾಳಾಗುತ್ತದೆ. ಕಬ್ಬಿಣದ ಕುಟ್ಟಾಣಿ ಬೇಡ, ಕಲ್ಲಿನದೇ ಇರಲಿ. ಈ ಕಾಯಿಗಳ ಒಗರಿಗೆ ಕಬ್ಬಿಣ ತಾಗಿ, ಸ್ವಲ್ಪ ತೇವವೂ ಸೇರಿದರೆ ಪುಡಿ ಶಾಯಿಯ ಹಾಗೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಅನ್ನುವ ಕಬ್ಬಿಣದ ಲವಣ ಸೇರಿಸಿ ಬರೆಯುವ ಮಸಿಯನ್ನೇ ಮಾಡುತ್ತಿದ್ದರು. ಪುಡಿಯನ್ನು ತೆಳು ಹತ್ತಿಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಒರಟು ಪುಡಿ ಗಂಟಲಿಗೆ ಅಂಟುತ್ತದೆ, ನೀರಲ್ಲೂ ಕದಡುವುದಿಲ್ಲ. ಒಣಗಿದ ಗಾಜಿನ ಬಾಟಲಿಗೆ ತುಂಬಿ, ಒಣ ಚಮಚವನ್ನೇ ಬಳಸಿ. ಹಳೆಯ ವೈದ್ಯರ ಲೆಕ್ಕದಲ್ಲಿ ಚೂರ್ಣದ ಕಸುವು ಎರಡು ತಿಂಗಳು. ಅಷ್ಟಕ್ಕೆ ಆಗುವಷ್ಟೇ ಮಾಡಿಕೊಳ್ಳಿ.

ಈಗ ತೆಗೆದುಕೊಳ್ಳುವ ವಿಷಯ. ಇದರ ಮುಖ್ಯ ಕೆಲಸ ಹೊಟ್ಟೆ ಸಲೀಸು ಮಾಡುವುದು. ರಾತ್ರಿ ಊಟವಾಗಿ ಒಂದೆರಡು ಗಂಟೆ ಬಿಟ್ಟು, ಮಲಗುವ ಮುಂಚೆ, ಅರ್ಧ ಟೀ ಚಮಚ ಪುಡಿಯನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಲ್ಲಿ ಕದಡಿ ಕುಡಿಯಿರಿ. ಮೊದಲ ಗುಟುಕು ಬಾಯೆಲ್ಲಾ ಒಗರು, ಹಿಂದೆಯೇ ಕಹಿ, ಹುಳಿ. ಮೇಲೆ ಬರೀ ನೀರು ಕುಡಿದರೆ ನೆಲ್ಲಿಯ ದೆಸೆಯಿಂದ ಸಿಹಿ ಅನ್ನಿಸುತ್ತದೆ. ಬೆಳಿಗ್ಗೆ ಹೊಟ್ಟೆನೋವಿಲ್ಲದೆ ಕೆಲಸ ಆಗಬೇಕು. ಆಗದಿದ್ದರೆ ಮೂರ್ನಾಲ್ಕು ದಿನ ನೋಡಿ ಒಂದು ಚಮಚ ಮಾಡಿ. ನೀರಾಗಿ ಹೋದರೆ ಕಡಿಮೆ ಮಾಡಿ, ಇಲ್ಲವೇ ನಿಲ್ಲಿಸಿ. ಎರಡು ಮೂರು ವಾರ ತೆಗೆದುಕೊಂಡು ಬಿಡುವು ಕೊಡಿ. ನೀರು, ಸೊಪ್ಪು, ಓಡಾಟ ಇಲ್ಲದೆ ಬರೀ ಪುಡಿಯನ್ನೇ ನಂಬಿ ಕೂತರೆ ಪ್ರಯೋಜನವಿಲ್ಲ, ಅಲ್ವಾ?

ಬಾಯಿ ಹುಣ್ಣಿಗೂ, ವಸಡು ಸಡಿಲವಾದಾಗಲೂ ಇದರ ಕಷಾಯ ಒಳ್ಳೆಯದು. ಒಂದು ಚಮಚ ಪುಡಿಗೆ ಎರಡು ಲೋಟ ನೀರು ಹಾಕಿ, ಅರ್ಧಕ್ಕೆ ಇಳಿಸಿ, ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ದಿನಕ್ಕೆರಡು ಸಲ ಬಾಯಿ ಮುಕ್ಕಳಿಸಿ. ಅಂದಂದಿನದು ಅಂದಂದಿಗೇ ಮಾಡಿ.

ಕಣ್ಣು ತೊಳೆಯಲು ತ್ರಿಫಲಾ ನೀರು ಬಳಸುವ ಪದ್ಧತಿ ಹಳೆಯದು. ಆದರೆ ಮನೆಯಲ್ಲಿ ಮಾಡಿದ್ದನ್ನು ಕಣ್ಣಿಗೆ ಹಾಕಬೇಡಿ ಅಂತಲೇ ನಾನು ಹೇಳುವುದು. ಎಷ್ಟು ಸೋಸಿದರೂ ಸಣ್ಣ ಪುಡಿ ಉಳಿದು ಕಣ್ಣು ಗೀರಬಹುದು, ಕೀಟಾಣು ಸೇರಿದರೆ ಇನ್ನೂ ಕಷ್ಟ.

ಅಳಲೆಯೊಂದನ್ನೇ ಋತುವಿಗೆ ತಕ್ಕ ಹಾಗೆ ಬೇರೆ ಬೇರೆ ವಸ್ತುವಿನ ಜೊತೆ ತೆಗೆದುಕೊಳ್ಳುವ ಕ್ರಮವೂ ಇದೆ. ಮಳೆಗಾಲದಲ್ಲಿ ಸೈಂಧವ ಲವಣ, ಶರದೃತುವಿನಲ್ಲಿ ಸಕ್ಕರೆ, ಹೇಮಂತದಲ್ಲಿ ಶುಂಠಿ, ಶಿಶಿರದಲ್ಲಿ ಹಿಪ್ಪಲಿ, ವಸಂತದಲ್ಲಿ ಜೇನು, ಬೇಸಿಗೆಯಲ್ಲಿ ಬೆಲ್ಲ. ನಮ್ಮತ್ತೆಗೆ ಮಳೆಗಾಲದ್ದು ಬಾಯಿಪಾಠ. ಜಡಿಮಳೆ ಹಿಡಿದು ಯಾರಾದರೂ ಹೊಟ್ಟೆ ಭಾರ ಅಂದರೆ ಸಾಕು, ‘ಒಂದು ಚಿಟಿಕೆ ಅಳಲೆ, ಒಂದು ಹರಳುಪ್ಪು ತಗೋ ಮಗಾ’ ಅನ್ನುತ್ತಿದ್ದರು.

ಬಸುರಿಯರು ಇದನ್ನು ತೆಗೆದುಕೊಳ್ಳಬಾರದು. ಭೇದಿ ಆಗುತ್ತಿರುವವರಿಗೂ, ತುಂಬಾ ನಿತ್ರಾಣ ಆದವರಿಗೂ ಬೇಡ. ಸಕ್ಕರೆ ಕಾಯಿಲೆಗೋ, ರಕ್ತ ತೆಳುವಾಗಲೋ ಮಾತ್ರೆ ತಿನ್ನುವವರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಕಬ್ಬಿಣದ ಮಾತ್ರೆ ತಗೊಳ್ಳುವವರು ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರ ಇಡಿ. ಕುಟ್ಟಾಣಿಯಲ್ಲಿ ಕಪ್ಪು ಮಾಡಿದ ಆ ಒಗರೇ ಹೊಟ್ಟೆಯಲ್ಲೂ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ.

ಎಳೆ ಕೂಸಿಗೆ ಅಳಲೆಕಾಯಿ ತೇಯ್ದು ನೆಕ್ಕಿಸುವುದು ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ದಯವಿಟ್ಟು ಬೇಡ. ಆರು ತಿಂಗಳು ತುಂಬುವವರೆಗೆ ಎದೆಹಾಲೇ ಸಾಕು, ತೇಯುವ ಕಲ್ಲಿನ ಕೊಳೆ ಕೂಸಿನ ಹೊಟ್ಟೆಗೆ ಹೋಗುವುದು ಬೇಡ. ಇನ್ನು ದೊಡ್ಡವರಿಗೆ ಮಲದಲ್ಲಿ ರಕ್ತ ಕಂಡರೆ, ಸುಮ್ನೆ ತೂಕ ಇಳಿಯುತ್ತಿದ್ದರೆ, ಮಲಬದ್ಧತೆ ಇದ್ದಕ್ಕಿದ್ದ ಹಾಗೆ ಶುರುವಾಗಿ ವಾರಗಟ್ಟಲೆ ಬಿಡದಿದ್ದರೆ ಪುಡಿ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ.