ಎಡಗಾಲಿಗೆ ಒಂದು ಫೋಮು, ಬಲಗಾಲಿಗೆ ಇನ್ನೊಂದು

ಶಿಡ್ಲಘಟ್ಟದಲ್ಲಿ ಗೂಡಿಂದ ರೇಷ್ಮೆ ನೂಲು ತೆಗೆಯೋ ರೀಲಿಂಗ್ ಮಾಡೋರ ಮೀನಖಂಡ ನೋಡಿ, ಬಿಸಿನೀರಿನ ಬೇಸಿನ್ ಮುಂದೆ ನಿಂತು ನಿಂತು ಸುಮಾರು ಜನಕ್ಕೆ ರಕ್ತದ ನರ ಹಗ್ಗದ ಥರ ಸುತ್ಕೊಂಡಿರುತ್ತೆ, ವೆರಿಕೋಸ್ ವೇನ್ಸ್ ಅಂತಾರೆ. ನಂದೂ ಹಂಗೇ. ಸಂಜೆ ಆದ್ರೆ ಕಾಲು ಎತ್ತಿಡಕ್ಕಾಗ್ತಿರ್ಲಿಲ್ಲ, ನಮ್ಮಮ್ಮ ಹರಳೆಣ್ಣೆ ಹಚ್ಕೊಳೋ ಅಂತ ಬೈತಾನೇ ಇದ್ರು, ಹಚ್ಚಿದ್ದೂ ಆಯ್ತು.

ರಕ್ತ ಹೆಂಗೆ ಹರಿಯುತ್ತೆ ಅಂತ ನೋಡೋ ಡಾಪ್ಲರ್ ಸ್ಕ್ಯಾನ್ ಮಾಡಿಸಿದ್ರೆ ಎಡಗಾಲಲ್ಲಿ ತೊಡೆ ತನಕ ಹೋಗೋ ದೊಡ್ಡ ನರದ ವಾಲ್ವೇ ಲೀಕು. ನರಾನ ಒಳಗಿಂದ ಸುಟ್ಟು ಮುಚ್ಚೋ ಲೇಸರ್ ಒಳ್ಳೇದು ಅಂದ್ರು ಡಾಕ್ಟ್ರು, ಖರ್ಚು ಕೇಳಿ ನಾನೇ ಫೋಮ್ ಸಾಕು ಸಾರ್ ಅಂದೆ, ಅಂದ್ರೆ ಔಷಧಿನ ನೊರೆ ಮಾಡಿ ನರಕ್ಕೆ ಚುಚ್ಚೋದು. ಫೋಮು ಡಬ್ಬಿಯಲ್ಲಿ ಬರುತ್ತೆ ಅನ್ಕೊಂಡಿದ್ದೆ, ಇಲ್ಲ, ಕಣ್ಮುಂದೇನೇ ಮಾಡಿದ್ರು. ಎರಡು ಸಿರಿಂಜು, ಮಧ್ಯ ಮೂರು ಬಾಯಿಯ ನಲ್ಲಿ, ಒಂದು ಪಾಲು ಎಸ್‌ಟಿಎಸ್ ಔಷಧಿಗೆ ನಾಲ್ಕು ಪಾಲು ರೂಮಿನ ಗಾಳಿ, ಇಪ್ಪತ್ತು ಸಲ ಆಕಡೆ ಈಕಡೆ ತಳ್ಳಿದ್ರೆ ಶೇವಿಂಗ್ ಕ್ರೀಮ್ ಥರ ನೊರೆ. ಬೇಗ ಚುಚ್ಚಬೇಕು, ಬಿಟ್ರೆ ನೀರು ಬಿಟ್ಕೊಳುತ್ತೆ. ನೊರೆ ಒಳಗಿನ ರಕ್ತಾನ ಪಕ್ಕಕ್ಕೆ ತಳ್ಳಿ ನರದ ಗೋಡೆಗೇ ಅಂಟುತ್ತೆ, ಗೋಡೆ ಸುಟ್ಟಂಗಾಗಿ ನರ ಮುಚ್ಕೊಳುತ್ತೆ, ಅದಕ್ಕೇ ಬರೀ ಔಷಧಿಗಿಂತ ನೊರೆ ಜೋರು.

ಚುಚ್ಚಿ ಸ್ವಲ್ಪ ಹೊತ್ತಿಗೆ ಕೆಮ್ಮು ಬಂತು, ಕಣ್ಮುಂದೆ ಮಿಣ ಮಿಣ, ಹೆದರಿಬಿಟ್ಟೆ. ಅರ್ಧ ಗಂಟೇಲಿ ಹೋಯ್ತು. ನಂಗೆ ಮೈಗ್ರೇನ್ ಇದೆ ಅಂತ ಮೊದ್ಲೇ ಹೇಳ್ಬೇಕಿತ್ತಂತೆ, ಅವ್ರು ಕೇಳ್ಲಿಲ್ಲ ನಾನು ಹೇಳ್ಲಿಲ್ಲ.

ಬಲಗಾಲು ಮಾಡಿಸಿದ್ದು ಮುಂದಿನ ವರ್ಷ ಬೆಂಗಳೂರಲ್ಲಿ. ಇಲ್ಲಿ ಔಷಧಿ ಪಾಲಿಡೋಕನಾಲ್, ಗಾಳಿ ಬದ್ಲು ಕಾರ್ಬನ್ ಡೈಆಕ್ಸೈಡ್, ಅದು ರಕ್ತದಲ್ಲಿ ಬೇಗ ಕರಗೋದ್ರಿಂದ ಗುಳ್ಳೆ ಉಳಿಯಲ್ಲ ಅಂದ್ರು. ಕೆಮ್ಮೂ ಇಲ್ಲ, ಮಿಣ ಮಿಣನೂ ಇಲ್ಲ. ಆದ್ರೆ ಇದನ್ನ ನೋಡಿ ಎಸ್‌ಟಿಎಸ್ ಕೆಟ್ಟದು ಅನ್ಬೇಡಿ, ಬಲಗಾಲಲ್ಲಿ ಇದ್ದಿದ್ದು ಬರೀ ಸಣ್ಣ ಕವಲು ನರಗಳು, ನೊರೆನೂ ಕಮ್ಮಿನೇ ಹಾಕಿದ್ದು. ಅಮೆರಿಕದಲ್ಲಿ ರೆಡಿಮೇಡ್ ಫೋಮೂ ಇದೆ, ವೆರಿಥೀನಾ ಅಂತ, 2013ರಲ್ಲಿ ಒಪ್ಪಿಗೆ ಸಿಕ್ಕಿದ್ದು, ಪಾಲಿಡೋಕನಾಲೇ, ಗುಳ್ಳೆ ಒಂದೇ ಸಮ ಇರುತ್ತೆ ಅನ್ನೋದೇ ಅದರ ಹೆಚ್ಚುಗಾರಿಕೆ. ನಂಗೆ ಅದನ್ನ ಯಾರೂ ಹೇಳ್ಲಿಲ್ಲ.

ಎರಡೂ ಸಲ ಮಾಡಿದ ತಕ್ಷಣ ನಡೆಸಿದ್ರು, ರಕ್ತ ಹೆಪ್ಪುಗಟ್ಟಬಾರ್ದು ಅಂತ. ಟೈಟ್ ಸ್ಟಾಕಿಂಗ್ಸ್ ಎರಡು ವಾರ. ಬೇಸಿನ್ ಹಬೇಲಿ ಅದನ್ನ ಹಾಕ್ಕೊಂಡು ನಿಲ್ಲೋದು ಇದ್ಯಲ್ಲ, ಇಂಜೆಕ್ಷನ್ನೇ ವಾಸಿ! ಆಮೇಲೆ ಎಡಗಾಲಲ್ಲಿ ಗಟ್ಟಿ ಗಂಟು ಎದ್ದು ಒಂದು ಸಲ ಸೂಜಿ ಹಾಕಿ ಕಪ್ಪು ರಕ್ತ ತೆಗೆದ್ರು, ಕಂದು ಕಲೆ ಇನ್ನೂ ಇದೆ. ಬಲಗಾಲಲ್ಲಿ ಕಲೆ ಇಲ್ಲ.

ಮೊನ್ನೆ ಚೆಕಪ್‌ನಲ್ಲಿ ಎಡಗಾಲಿನ ದೊಡ್ಡ ನರ ಮೇಲ್ಗಡೆ ಸ್ವಲ್ಪ ಮತ್ತೆ ತೆರ್ಕೊಂಡಿದೆ ಅಂದ್ರು, ದೊಡ್ಡ ನರಕ್ಕೆ ಬರೀ ಫೋಮ್ ಹಾಕಿದ್ರೆ ಲೇಸರ್‌ಗಿಂತ ಹೀಗಾಗೋದು ಜಾಸ್ತಿಯಂತೆ. ಈ ಸಲ ನಾವು ಕೊಳ್ಳೋ ರೇಷ್ಮೆ ಗೂಡಿನ ರೇಟು ಇಳಿದ್ರೆ ಲೇಸರ್‌ಗೆ ದುಡ್ಡು ಹೊಂದಿಸ್ಬೇಕು.