ಗಿಡ ನೆಡುವ ಮುನ್ನ ಹಾರೆಯ ಸದ್ದು ಕೇಳಿ

ಬಯಲುಸೀಮೆಯ ಹುಲ್ಲುಗಾವಲಿನಲ್ಲಿ ಗಿಡ ನೆಡಲು ಹೊರಟವರಿಗೆ ಒಂದು ಮಾತು. ಮೇಲಿನ ಕೆಮ್ಮಣ್ಣು ನೋಡಿ ಮರುಳಾಗಬೇಡಿ, ಅಡಿಯಲ್ಲಿ ಗಟ್ಟಿ ಪದರ ಅಡಗಿರಬಹುದು. ಮೊದಲು ಎರಡು ಮೂರು ಕಡೆ ಮೊಣಕಾಲುದ್ದ ಅಗೆಯಿರಿ. ನಮ್ಮ ಹೊಲದಂಚಿನ ಹುಲ್ಲುಗಾವಲಿನಲ್ಲಿ ಒಂದೂವರೆ ಅಡಿಗೇ ಹಾರೆ ಠಣ್ಣೆಂದು ಪುಟಿಯಿತು. ಬಂಡೆಯೆಂದುಕೊಂಡೆ, ಎದ್ದು ಬಂದದ್ದು ಬೂದುಬಿಳುಪಿನ ಹೆಂಟೆ. ನಿಂಬೆರಸ ಹಿಂಡಿದರೆ ಸೊರ್ರನೆ ನೊರೆ! ಮಳೆನೀರಿನೊಂದಿಗೆ ಇಳಿದ ಸುಣ್ಣ, ನೀರು ಆರಿದಾಗ ಅಲ್ಲೇ ಉಳಿದು, ಸಾವಿರಾರು ವರ್ಷಗಳಲ್ಲಿ ಗಾರೆಯಂತೆ ಕಟ್ಟಿಕೊಂಡ ಪದರವದು. ನೊರೆ ಬಾರದೆಯೂ ಗಟ್ಟಿಯಿದ್ದರೆ ಸಿಲಿಕಾ (ಮರಳಿನಲ್ಲಿರುವ ಖನಿಜ) ಅಥವಾ ಕಬ್ಬಿಣದ ಬೆಸುಗೆ ಇರಬಹುದು.

ಗುಂಡಿಗೆ ನೀರು ತುಂಬಿಸಿ. ಮರುದಿನವೂ ನಿಂತಿದ್ದರೆ ಬೇರು ಇಳಿಯುವುದೂ ಕಷ್ಟ. ಪದರ ತೆಳುವಾಗಿದ್ದರೆ ಪೂರ್ತಿ ಒಡೆದು ನೆಡಬಹುದು. ದಪ್ಪವಾಗಿದ್ದರೆ ಸುಮ್ಮನೆ ಹುಲ್ಲಿಗೇ ಬಿಡಿ. ಕುರಿಗಳಂತೂ ದೂರುವುದಿಲ್ಲ.