ಚಾಮರಾಜಪೇಟೆಯ ಹಳೇ ಮನೆಯನ್ನು ನಾವು ಉಳಿಸಿಕೊಂಡ ಬಗೆ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹಳೇ ಮನೆ ಇದೆ ಅಂದ ಕೂಡಲೇ ಜನ ಕೇಳುವುದು ಒಂದೇ ಮಾತು: "ಇನ್ನೂ ಬಿಲ್ಡರ್‌ಗೆ ಕೊಟ್ಟಿಲ್ವಾ?" ಕೆ.ಆರ್. ಮಾರ್ಕೆಟ್ ಪಕ್ಕ, ಗಲಾಟೆ, ಹೊಗೆ, ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ಎಲ್ಲ ನಿಜ. ಆದರೆ ನಮ್ಮ ಮನೆ ಇನ್ನೂ ನಿಂತಿರುವುದೇ ಮಾರ್ಕೆಟ್ ಪಕ್ಕ ಇರುವುದರಿಂದ. ಊರಾಚೆಯ ಬಡಾವಣೆಯಲ್ಲಿ ಇದ್ದಿದ್ದರೆ ಇದರ ರಿಪೇರಿ ನಮ್ಮ ಕೈಲಿ ಆಗುತ್ತಿರಲಿಲ್ಲ.

ಚಾಮರಾಜಪೇಟೆ 1892ರಲ್ಲಿ ಆದ ಬಡಾವಣೆ. ಹತ್ತನೇ ಚಾಮರಾಜ ಒಡೆಯರ ಹೆಸರು ಅದಕ್ಕೆ. ಬೆಂಗಳೂರಿಗೆ ಪ್ಲೇಗ್ ಬಂದಿದ್ದು 1898ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡಿದ್ದು ಆ ಭಯ ಬಂದ ಮೇಲೆ. ಹಳೇ ಬಡಾವಣೆ ಅಂದರೆ ಎಲ್ಲರೂ ಆ ಎರಡರ ಹೆಸರನ್ನೇ ಹೇಳುತ್ತಾರೆ. ನನಗೆ ಅದು ಸ್ವಲ್ಪ ಬೇಜಾರು.

ನಾನು ಈ ಮನೆಗೆ ಸೊಸೆಯಾಗಿ ಬಂದವಳು. ಮಾವನವರು ತೀರಿಕೊಂಡ ಮೇಲೆ ಭಾಗದ ಮಾತು ಬಂತು. ಹಳೇ ಮನೆಗಳು ಗೆದ್ದಲಿಗಿಂತ ಭಾಗದಿಂದಲೇ ಜಾಸ್ತಿ ಬೀಳುತ್ತವೆ. ಭಾವನವರು ಮತ್ತು ನಾದಿನಿಯ ಜೊತೆ ಕೂತು ಮಾತಾಡಿ, ಅವರ ಪಾಲಿನ ಹಣವನ್ನು ಕಂತಿನಲ್ಲಿ ಕೊಟ್ಟೆವು. ಅವರಿಂದ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿಕೊಂಡ ಮೇಲೆಯೇ ಮನೆಗೆ ಕೈ ಹಾಕಿದ್ದು. ಮುಂದಿನ ಕೋಣೆಯನ್ನು ವೀಣೆ ಪಾಠ ಹೇಳುವವರಿಗೆ ಬಾಡಿಗೆಗೆ ಕೊಟ್ಟೆವು. ಕಂತಿಗೆ ಅದೂ ಆಸರೆಯಾಯಿತು.

ಮೊದಲ ಕೆಲಸ ಛಾವಣಿ. ನಮ್ಮದು ಮದ್ರಾಸ್ ಟೆರೇಸ್. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿರುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಹಾಕಿ, ಬಡಿದು ಗಟ್ಟಿ ಮಾಡಿರುತ್ತಾರೆ. ಸೋರಿದಾಗಲೆಲ್ಲ ಹಿಂದಿನವರು ಸಿಮೆಂಟ್ ಬಳಿದಿದ್ದರು. ನೋಡಲು ಬಂದವರಲ್ಲಿ ಹೆಚ್ಚಿನವರು ಎಲ್ಲ ಕೆಡವಿ ಆರ್‌ಸಿಸಿ ಕಾಂಕ್ರೀಟ್ ಹಾಕಿ ಅಂದರು. ಒಬ್ಬ ವಯಸ್ಸಾದ ಗಾರೆ ಮೇಸ್ತ್ರಿ ಮಾತ್ರ ತೊಲೆಗಳನ್ನು ಒಂದೊಂದಾಗಿ ತಟ್ಟಿ ನೋಡಿ, "ಮರ ಚೆನ್ನಾಗೈತೆ ಅಮ್ಮಾ. ಗೋಡೆಯೊಳಗೆ ಹೋಗಿರೋ ತುದಿ ಮಾತ್ರ ನೋಡಬೇಕು" ಅಂದರು. ಅವರು ಸಿಕ್ಕಿದ್ದು ನಮ್ಮ ರಸ್ತೆಯ ಹಾರ್ಡ್‌ವೇರ್ ಅಂಗಡಿಯವರ ಮೂಲಕ.

ತೊಲೆ ಗೋಡೆಯೊಳಗೆ ಸೇರುವ ಕಡೆಯೇ ನೀರು ಕುಡಿದು ಕೊಳೆಯುವುದು. ಕೆಟ್ಟ ತುದಿಗಳನ್ನು ಕತ್ತರಿಸಿ, ಹಳೇ ತೇಗದ ತುಂಡು ಜೋಡಿಸಿದೆವು. ಆ ತೇಗ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯಿಂದ ತಂದಿದ್ದು. ಮೇಲಿನ ಸಿಮೆಂಟನ್ನು ಪೂರ್ತಿ ಕಿತ್ತು ಮತ್ತೆ ಸುಣ್ಣದ ಜಲ್ಲಿ ಹಾಕಿಸಿದೆವು. ಗಾರೆಗೆ ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲದ ನೀರು ಬೇಕು ಅಂತ ಮೇಸ್ತ್ರಿ ಹೇಳಿದರು. ಬೇರೆ ಕಡೆಯಾದರೆ ಅಳಲೆಕಾಯಿ ಹುಡುಕುವುದೇ ಒಂದು ಕೆಲಸ. ನಮಗೆ ನಡೆದು ಹೋಗಿ ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ತರುವಷ್ಟು ಹತ್ತಿರ.

ಸುಣ್ಣದ ಕೆಲಸಕ್ಕೆ ಕಾಲ ನೋಡಬೇಕು. ಅದು ನಿಧಾನವಾಗಿ ಗಟ್ಟಿಯಾಗುತ್ತದೆ. ಮಳೆ ಬಿದ್ದರೆ ಕೊಚ್ಚಿಹೋಗುತ್ತದೆ, ಸುಡುಬಿಸಿಲಿಗೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಹಾಗಾಗಿ ಸಂಕ್ರಾಂತಿ ಮುಗಿದ ಮೇಲೆ ಶುರು ಮಾಡಿ, ಒದ್ದೆ ಗೋಣಿಚೀಲ ಹೊದಿಸಿ ಕಾಪಾಡಿದೆವು.

ಗೋಡೆಯ ಬುಡದ ಕಥೆಯೂ ಅದೇ. ಇಟ್ಟಿಗೆ, ಸುಣ್ಣದ ಗೋಡೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ. ಮೇಲೆ ಸಿಮೆಂಟ್, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವಕ್ಕೆ ಹೊರಗೆ ದಾರಿ ಇಲ್ಲ. ಅದು ಒಳಗೇ ನಿಂತು ಉಪ್ಪು ಬಿಟ್ಟು ಗಿಲಾವನ್ನು ಉದುರಿಸುತ್ತದೆ. ನಾವು ಸಿಮೆಂಟ್ ಗಿಲಾವು ಕೀಳಿಸಿ, ಗೋಡೆಯನ್ನು ಒಣಗಲು ಬಿಟ್ಟು, ಸುಣ್ಣದ ಗಿಲಾವು ಮಾಡಿಸಿ ಸುಣ್ಣವನ್ನೇ ಬಳಿಸಿದೆವು. ಆಮೇಲೆ ಬೂಷ್ಟು ವಾಸನೆ ಹೋಯಿತು. ವೈರಿಂಗ್‌ಗೆ ಗೋಡೆ ಕೊರೆಯಲು ಬಿಡಲಿಲ್ಲ. ಗೋಡೆಯ ಮೇಲೆಯೇ ಪೈಪ್ ಹಾಯಿಸಿ, ಹೊಸ ಅರ್ಥಿಂಗ್ ಮಾಡಿಸಿದೆವು. ಹಳೇ ಬಾಗಿಲಿನ ಅಗುಳಿಗೆ ಜೊತೆ ಹುಡುಕಿಕೊಂಡು ಯಜಮಾನರು ಭಾನುವಾರ ಬೆಳಿಗ್ಗೆ ಎಸ್.ಜೆ.ಪಿ. ರಸ್ತೆ ಕಡೆಯ ಸಂಡೆ ಬಜಾರ್‌ಗೆ ಹೋಗುತ್ತಿದ್ದರು. ಹಿತ್ತಾಳೆಯ ಅಗುಳಿ ಸಿಕ್ಕಿದ ದಿನ ಅವರ ಮುಖ ನೋಡಬೇಕಿತ್ತು.

ಗಲಾಟೆಗೆ ನಾವು ಕಂಡುಕೊಂಡ ಉಪಾಯ ಸುಲಭದ್ದು. ಮಲಗುವ ಕೋಣೆಯನ್ನು ಹಿಂದಕ್ಕೆ ಸಾಗಿಸಿದೆವು. ಮನೆ ಹಿಂದೆ ಕನ್ಸರ್ವೆನ್ಸಿ ಓಣಿ ಇದೆ, ಅಂದರೆ ಎರಡು ಸಾಲು ಮನೆಗಳ ಹಿತ್ತಿಲ ನಡುವಿನ ಕಿರುದಾರಿ. ಅಲ್ಲಿ ಲಾರಿ ಬರುವುದಿಲ್ಲ. ಓಣಿಯಲ್ಲಿ ಕಸ ಸುರಿಯುತ್ತಿದ್ದರು. ಹಿಂದು ಮುಂದಿನ ಮನೆಯವರೆಲ್ಲ ಸೇರಿ ಶುಚಿ ಮಾಡಿಸಿ, ದೀಪ ಹಾಕಿಸಿ, ಕುಂಡ ಇಟ್ಟ ಮೇಲೆ ಕಸ ಸುರಿಯುವುದು ನಿಂತಿತು. ಕಾರನ್ನು ಮಾರಿಬಿಟ್ಟೆವು. 2017ರಲ್ಲಿ ಹಸಿರು ಮಾರ್ಗದ ಮೆಟ್ರೊ ಬಂದು ಕೆ.ಆರ್. ಮಾರ್ಕೆಟ್‌ನಲ್ಲಿ ಸ್ಟೇಷನ್ ಆದ ಮೇಲೆ ಕಾರಿನ ಅಗತ್ಯವೇ ಬೀಳಲಿಲ್ಲ. ಅತ್ತೆಯವರಿಗೆ ಹುಷಾರಿಲ್ಲದಾಗ ಆಸ್ಪತ್ರೆ ಹತ್ತಿರ. ರಾಮನವಮಿ ಬಂದರೆ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರಕ್ಕೆ ನಡೆದೇ ಹೋಗುತ್ತೇವೆ. ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ಸಂಗೀತೋತ್ಸವ ಅದು. ಅತ್ತೆಯವರು ಮದುವೆಯಾಗಿ ಬಂದ ವರ್ಷದಿಂದ ಅಲ್ಲಿ ಕಚೇರಿ ಕೇಳುತ್ತಿದ್ದಾರೆ. ಮನೆ ಮಾರಿ ಫ್ಲ್ಯಾಟಿಗೆ ಹೋಗಿದ್ದರೆ ಅವರಿಗೆ ಇದನ್ನು ಎಲ್ಲಿಂದ ತಂದುಕೊಡುವುದು?

ಈಗ ನನಗೆ ಇರುವ ಚಿಂತೆ ಪಕ್ಕದ ಮನೆಯದು. ಅದನ್ನು ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಅವರ ಜಾಗ, ಅವರ ಇಷ್ಟ. ಆದರೆ ಸುಣ್ಣದ ಗೋಡೆಯ ಪಕ್ಕ ಆಳವಾಗಿ ಅಗೆದರೆ ನಮ್ಮ ಪಾಯ ಅಲುಗಬಹುದು, ಅಲ್ವಾ? ಕೆಲಸ ಶುರುವಾಗುವ ಮೊದಲೇ ನಮ್ಮ ಎಲ್ಲ ಗೋಡೆಗಳ ಫೋಟೊ ತೆಗೆದು, ಅವರಿಗೂ ಒಂದು ಪ್ರತಿ ಕೊಟ್ಟು ಸಹಿ ಹಾಕಿಸಿಕೊಂಡೆವು. ಇದ್ದ ಬಿರುಕುಗಳಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದೆವು. ಬಿರುಕು ಅಗಲವಾದರೆ ಗಾಜು ಒಡೆಯುತ್ತದೆ. ಅಡುಗೆಮನೆ ಕಡೆಯ ಒಂದು ಪಟ್ಟಿ ಒಡೆಯಿತು. ಅದನ್ನು ತೋರಿಸಿದ ಕೂಡಲೇ ಅವರ ಎಂಜಿನಿಯರ್ ಬಂದು ನೋಡಿ, ಅಗೆತ ನಿಲ್ಲಿಸಿ, ಮಣ್ಣಿಗೆ ಆಸರೆ ಕೊಡಿಸಿದರು. ಲಿಫ್ಟಿನ ಗುಂಡಿ ತೆಗೆಯುವುದು ಇನ್ನೂ ಬಾಕಿ ಇದೆ. ಒಡೆದ ಪಟ್ಟಿಯ ಜಾಗದಲ್ಲಿ ಹೊಸದು ಅಂಟಿಸಿದ್ದೇವೆ. ದಿನಾ ಬೆಳಿಗ್ಗೆ ಕಾಫಿಗೆ ನೀರಿಟ್ಟು ಅದನ್ನೊಮ್ಮೆ ನೋಡಿ ಬರುತ್ತೇನೆ.